ಸ್ಕೈಲೈನ್ ಆಮೇಲೆ, ಮೊದಲು ಟ್ರ್ಯಾಕ್ ಕೊಡಿ

ಬ್ಲಾಗಿಗೆ ಧೂಳು ಹಿಡಿದು ಮೂರು ತಿಂಗಳಾಯ್ತು. ಆಫೀಸಿನಲ್ಲಿ ಕೆಲಸ ಜಾಸ್ತಿ ಅಂತ ಸುಳ್ಳು ಹೇಳಬಹುದು. ನಿಜವಾದ ಕಾರಣ ಒಂದು ಕಾರು.

ನಿಸ್ಸಾನ್ ಸ್ಕೈಲೈನ್ ಜಿಟಿ-ಆರ್, ಆರ್34. ಇಂಜಿನಿಯರಿಂಗ್ ಹಾಸ್ಟೆಲಿನಲ್ಲಿ ರಾತ್ರಿಯಿಡೀ ನೀಡ್ ಫಾರ್ ಸ್ಪೀಡ್ ಆಡಿದವರಿಗೆ ಪರಿಚಯ ಬೇಕಿಲ್ಲ. 2.6 ಲೀಟರಿನ ಆರು ಸಿಲಿಂಡರ್ ಎಂಜಿನ್, ಎರಡು ಟರ್ಬೊ, ನಾಲ್ಕೂ ಚಕ್ರಕ್ಕೆ ಶಕ್ತಿ. ಕಂಪನಿ ಹೇಳಿದ್ದು 280 ಪಿಎಸ್, ಟ್ಯೂನ್ ಮಾಡಿ ಅದರ ಎರಡರಷ್ಟು ತೆಗೆಯುವವರಿದ್ದಾರೆ. ಜಪಾನಿನಿಂದ ಒಂದನ್ನು ತರಿಸಿ, ನಾನೇ ಟ್ಯೂನ್ ಮಾಡಿ, ಟ್ರ್ಯಾಕಿಗೆ ಇಳಿಸಬೇಕು ಅನ್ನೋದು ನನ್ನ ಹುಚ್ಚು.

ಒಬ್ಬ ಏಜೆಂಟ್ ಸಿಕ್ಕಿದ. "ಪೇಪರೆಲ್ಲ ನಾನು ನೋಡ್ಕೋತೀನಿ ಸಾರ್, ಎರಡು ಲಕ್ಷ ಅಡ್ವಾನ್ಸ್ ಹಾಕಿ" ಅಂದ. ದುಡ್ಡು ಹಾಕುವ ಮುಂಚೆ ಒಂದ್ಸಲ ನಿಯಮ ಓದಿದೆ. ನಮ್ಮಲ್ಲಿ ಬಳಸಿದ ಕಾರನ್ನು ಆಮದು ಮಾಡಬೇಕಾದರೆ ಅದು ತಯಾರಾಗಿ ಮೂರು ವರ್ಷ ದಾಟಿರಬಾರದು. ಸುಂಕವೇ ಕಾರಿನ ಬೆಲೆಯನ್ನು ಮೀರುತ್ತೆ. ಆರ್34 ತಯಾರಿಕೆ ನಿಂತಿದ್ದು 2002ರಲ್ಲಿ! ಅಂದಮೇಲೆ ಆ ಪುಣ್ಯಾತ್ಮ ಯಾವ ಪೇಪರ್ ನೋಡ್ಕೋತಾನೆ? 2025ರ ಸೆಪ್ಟೆಂಬರಿನಲ್ಲಿ ಕೇರಳದಲ್ಲಿ ಕಸ್ಟಮ್ಸಿನವರು 'ನುಂಖೋರ್' ಕಾರ್ಯಾಚರಣೆ ಮಾಡಿದ್ದು ನೆನಪಿದೆಯಲ್ಲ? ಭೂತಾನ್ ಮೂಲಕ ಬಂದ ಕಾರುಗಳ ಬೇಟೆ ಅದು. ನನ್ನ ಎರಡು ಲಕ್ಷ ನನ್ನ ಅಕೌಂಟಿನಲ್ಲೇ ಉಳೀತು.

ಸಿಟ್ಟು ಬಂದಿದ್ದು ನಿಜ. ಅಮೆರಿಕದಲ್ಲಿ 25 ವರ್ಷ ದಾಟಿದ ಕಾರಿಗೆ ಸುರಕ್ಷತಾ ನಿಯಮಗಳಿಂದ ವಿನಾಯಿತಿ. ಹಾಗಾಗಿ 1999ರ ಆರ್34ಗಳು 2024ರಿಂದ ಅಲ್ಲಿಗೆ ಇಳಿಯುತ್ತಿವೆ. ನಮ್ಮಲ್ಲಿ ಮಾತ್ರ ಬಾಗಿಲು ಬಂದ್. ಇದನ್ನೆಲ್ಲ ಅಜ್ಜಿಗೆ ವಿವರಿಸಿದರೆ, "ಅಷ್ಟು ದುಡ್ಡು ಕೊಟ್ಟು ಜಪಾನಿಂದ ಗುಜರಿ ತರ್ತೀಯೇನ್ಲಾ?" ಅಂದಳು :)

ಆದರೆ ನನ್ನ ಸಿಟ್ಟು ಇಳಿಸಿದ್ದು ಅಜ್ಜಿಯಲ್ಲ, ಹಾಲು.

ನಮ್ಮೂರು ಕೊರಟಗೆರೆ ತಾಲ್ಲೂಕಿನ ಹೊಳವನಹಳ್ಳಿ. ಹೋದ ತಿಂಗಳು ನನ್ನ ಹಳೇ ಸ್ವಿಫ್ಟಿನ ಇಸಿಯು ರೀಮ್ಯಾಪ್ ಮಾಡಿಸಿದ್ದೆ. ಟೆಸ್ಟ್ ಮಾಡೋಕೆ ಬೆಳಗಿನ ಜಾವ ಐದೂವರೆಗೆ ಕೊರಟಗೆರೆ ರಸ್ತೆಗೆ ಹೋದೆ. ಆ ಹೊತ್ತಿಗೆ ಯಾರಿರ್ತಾರೆ ಅನ್ನೋ ಧೈರ್ಯ. ತಿರುವಿನಲ್ಲಿ ಎದುರಿಗೆ ಒಂದು ಟಿವಿಎಸ್ ಎಕ್ಸೆಲ್, ಡೇರಿಗೆ ಹಾಲಿನ ಕ್ಯಾನು ಹೊತ್ತು ಹೊರಟಿದ್ದ ಹಿರಿಯರು. ಬ್ರೇಕ್ ಒತ್ತಿದೆ. ಒಂದು ಮಾರು ದೂರದಲ್ಲಿ ಕಾರು ನಿಂತಿತು. ಅವರು ಗಾಬರಿಯಿಂದ ರಸ್ತೆ ಪಕ್ಕಕ್ಕಿಳಿಸಿ ಬಿದ್ದರು. ಪೆಟ್ಟಾಗಲಿಲ್ಲ, ಹಾಲೆಲ್ಲ ಮಣ್ಣುಪಾಲು. ಅವರು ಬೈಯಲೂ ಇಲ್ಲ. "ಯಾರ ಮಗನಪ್ಪಾ ನೀನು?" ಅಂತ ಕೇಳಿದರು ಅಷ್ಟೇ. ಅಪ್ಪನ ಹೆಸರು ಹೇಳುವಾಗ ನನ್ನ ದನಿ ಹೊರಡಲಿಲ್ಲ.

ಇಷ್ಟು ಪುಟ್ಟ ಕಾರನ್ನು ಪರೀಕ್ಷಿಸೋಕೇ ಜಾಗವಿಲ್ಲದವನು ಸ್ಕೈಲೈನ್ ತಂದು ಎಲ್ಲಿ ಓಡಿಸುತ್ತಿದ್ದೆ? ನಮಗೆ ಇಲ್ಲದಿರೋದು ಕಾರಲ್ಲ ಕಣ್ರೀ, ಟ್ರ್ಯಾಕು.

ಜಪಾನಿ ಕಾರುಗಳು ನಮ್ಮ ಹಿತ್ತಲಲ್ಲೇ ಇವೆ. ಬಿಡದಿಯಲ್ಲಿ ಟೊಯೋಟಾ ಕಾರ್ಖಾನೆಯಿದೆ. ಅಲ್ಲಿ ತಯಾರಾಗುತ್ತಿದ್ದ ಇಟಿಯೋಸನ್ನೇ ರೇಸಿಗೆ ಸಜ್ಜುಮಾಡಿ 2013ರಲ್ಲಿ ಇಟಿಯೋಸ್ ಮೋಟಾರ್ ರೇಸಿಂಗ್ ಅಂತ ಸರಣಿ ನಡೆಸಿದರು. ಟ್ಯಾಕ್ಸಿ ಅಂತ ನಾವು ಮೂಗು ಮುರಿದ ಅದೇ ಇಟಿಯೋಸ್! ಕೊಯಮತ್ತೂರಿನ ಕರಿವರ್ಧನ್ ಮಾರುತಿ 800ರ 796 ಸಿಸಿ ಎಂಜಿನ್ ಹಾಕಿ ಫಾರ್ಮುಲಾ ಮಾರುತಿ ಕಾರು ಕಟ್ಟಿದ್ದರು. ಅದೂ ಸುಝುಕಿ ಎಂಜಿನ್ನೇ. ಕಲಿಯೋಕೆ ಇವು ಸಾಲದೆ?

ಟ್ರ್ಯಾಕ್ ವಿಷಯಕ್ಕೆ ಬನ್ನಿ. ಚೆನ್ನೈ ಬಳಿ ಇರುಂಗಾಟ್ಟುಕೋಟೈನಲ್ಲಿ 1990ರಿಂದ 3.7 ಕಿ.ಮೀ. ಟ್ರ್ಯಾಕಿದೆ. ಕೊಯಮತ್ತೂರಿನಲ್ಲಿ ಕರಿವರ್ಧನ್ ಹೆಸರಿನದ್ದೇ ಇದೆ. ಕರ್ನಾಟಕದಲ್ಲಿ? ಕಾರ್ಟಿಂಗ್ ಟ್ರ್ಯಾಕುಗಳಿವೆ, ಮಣ್ಣಿನ ರಸ್ತೆಯ ರ್‍ಯಾಲಿಗಳಿವೆ, ಕೆ-1000 ರ್‍ಯಾಲಿ ತುಮಕೂರಿನ ಆಸುಪಾಸಿನಲ್ಲೂ ನಡೆದಿದೆ. ಆದರೆ ಅಂಥದ್ದೊಂದು ದೊಡ್ಡ ಕಾರ್ ರೇಸ್ ಟ್ರ್ಯಾಕ್ ಇಲ್ಲ. ಒಂದು ಟ್ರ್ಯಾಕ್ ಡೇಗೆ ಬೆಂಗಳೂರಿನಿಂದ ಸುಮಾರು 300 ಕಿ.ಮೀ. ಹೋಗಬೇಕು. ಅದಕ್ಕೇ ನನ್ನಂಥವರು ನಸುಕಿನಲ್ಲಿ ಹಾಲಿನವರ ರಸ್ತೆಗೆ ಇಳೀತೀವಿ. ಇದು ಸಬೂಬಲ್ಲ, ತಪ್ಪು ನನ್ನದೇ. ಆದರೆ ಜಾಗ ಕೊಡದೆ ಬರೀ ದಂಡ ಹಾಕಿದರೆ ಈ ಚಟ ನಿಲ್ಲಲ್ಲ.

"ಕುಡಿಯೋ ನೀರಿಗೇ ಗತಿಯಿಲ್ಲದ ಸೀಮೆಯಲ್ಲಿ ರೇಸ್ ಟ್ರ್ಯಾಕ್ ಕೇಳ್ತೀಯಾ?" ಅಂತ ಗೆಳೆಯನೊಬ್ಬ ರೇಗಿದ. ನ್ಯಾಯವಾದ ಪ್ರಶ್ನೆ. ಸರ್ಕಾರದ ದುಡ್ಡು ನಾನೂ ಕೇಳ್ತಿಲ್ಲ. ಚೆನ್ನೈನ ಟ್ರ್ಯಾಕ್ ಒಂದು ಕ್ಲಬ್ಬಿನದ್ದು. ನಮ್ಮ ಪಕ್ಕದ ಪಾವಗಡದಲ್ಲಿ ಸೋಲಾರ್ ಪಾರ್ಕಿಗೆ ಸುಮಾರು 13,000 ಎಕರೆಯನ್ನು ರೈತರಿಂದ ಕೊಂಡುಕೊಳ್ಳದೆ ಗುತ್ತಿಗೆಗೆ ಪಡೆದರು. ಅದೇ ದಾರಿಯಲ್ಲಿ, ಒಪ್ಪಿದ ರೈತರ ಬೆಳೆಯಿಲ್ಲದ ಬೀಳು ಜಮೀನಿಗೆ ವರ್ಷವರ್ಷ ಬಾಡಿಗೆ ಕೊಟ್ಟು ಒಂದು ಟ್ರ್ಯಾಕ್ ಮಾಡೋಕೆ ಆಗಲ್ವಾ? ಟ್ರ್ಯಾಕ್ ಬಂದರೆ ಆಮೇಲೆ, ರಸ್ತೆಗೇ ಇಳಿಯದ, ನಂಬರ್ ಪ್ಲೇಟೇ ಬೇಡದ ಹಳೇ ಕಾರುಗಳಿಗೆ ಆಮದು ನಿಯಮ ಸಡಿಲಿಸಿ ಅಂತ ಕೇಳೋಕೆ ನಮಗೂ ಮುಖ ಇರುತ್ತೆ.

ಆ ಎರಡು ಲಕ್ಷದಲ್ಲಿ ಮೊದಲು ಹಾಲಿನ ದುಡ್ಡು ಕೊಟ್ಟು ಬಂದೆ. ಉಳಿದದ್ದರಲ್ಲಿ ಹೆಲ್ಮೆಟ್, ಒಳ್ಳೆ ಬ್ರೇಕ್ ಪ್ಯಾಡ್, ಟೈರು. ಮುಂದಿನ ಟ್ರ್ಯಾಕ್ ಡೇಗೆ ಸ್ವಿಫ್ಟನ್ನೇ ಚೆನ್ನೈಗೆ ಒಯ್ಯುತ್ತೇನೆ.

ನೀವೇನಂತೀರಿ? ಬೈಯೋದಿದ್ದರೂ ಬೈಯಿರಿ, ಕಾಮೆಂಟು ತೆರೆದೇ ಇದೆ.