ಎರಡನೇ ಎಂಜಿನ್ ಎಲ್ಲಿದೆ?

ಕಳೆದ ತಿಂಗಳು ಉಪ್ಪಳದಲ್ಲಿ ಒಂದು ಮದುವೆ. ಊಟಕ್ಕೆ ನನ್ನ ಎದುರು ಕೂತಿದ್ದ ದೂರದ ಸಂಬಂಧಿಯೊಬ್ಬರು, "ನಮ್ಮ ಸಣ್ಣವನನ್ನು ಪೈಲಟ್ ಕೋರ್ಸಿಗೆ ಹಾಕಿದೆವು ಇಚ್ಚಾ, ಮುಂಗಡ 25 ಲಕ್ಷ ಕಟ್ಟಿ ಆಯಿತು" ಎಂದರು. ಬಿರಿಯಾನಿ ಬಡಿಸುತ್ತಿದ್ದ ಹುಡುಗನೂ ಒಂದು ಕ್ಷಣ ನಿಂತು ಕೇಳಿಸಿಕೊಂಡ. ನಾನು ಕೇಳಿದೆ: "ಎರಡು ಎಂಜಿನ್‌ನ ವಿಮಾನ ಅವರಲ್ಲಿ ಎಷ್ಟು ಉಂಟು? ಅದರಲ್ಲಿ ಈಗ ಹಾರುವುದು ಎಷ್ಟು?" ಅವರು ನನ್ನ ಮುಖ ನೋಡಿದರು. "ಅದೆಲ್ಲ ಗೊತ್ತಿಲ್ಲ. ಹಾಸ್ಟೆಲ್‌ನಲ್ಲಿ ಎ.ಸಿ. ಉಂಟಂತೆ. ಹಲಾಲ್ ಊಟ ಉಂಟಂತೆ. ಮತ್ತೆ ಡಿಜಿಸಿಎ ಅಪ್ರೂವ್ಡ್."

ನನಗೆ ಸಿಟ್ಟು ಬಂತು. ಶಾಲೆಯವರ ಮೇಲೆ ಮಾತ್ರವಲ್ಲ, ಸುಳ್ಳು ಯಾಕೆ, ಅವರ ಮೇಲೂ ಬಂತು. ನಾವು ಬಂಗುಡೆ ಕೊಳ್ಳುವಾಗ ಕಿವಿರು ಎತ್ತಿ ನೋಡುವ ಜನ. ಹಳೇ ಕಾರು ಕೊಳ್ಳುವುದಾದರೆ ಪರಿಚಯದ ಮೆಕ್ಯಾನಿಕ್‌ನನ್ನು ಜೊತೆಗೆ ಕರೆದುಕೊಂಡು ಹೋಗುವ ಜನ. ಆದರೆ ಮಕ್ಕಳನ್ನು ಪೈಲಟ್ ಮಾಡಲು ಹೊರಟಾಗ ಮಾತ್ರ, ಮಂಗಳೂರಿನ ಹೋಟೆಲಿನಲ್ಲಿ ನಡೆದ ಒಂದು ಸೆಮಿನಾರ್, ಬಿಳಿ ಶರ್ಟಿನ ಮೇಲೆ ಚಿನ್ನದ ಪಟ್ಟಿ ಹಾಕಿದ ಒಬ್ಬ ಯುವಕ, ಒಂದು ಹೊಳೆಯುವ ಪುಸ್ತಿಕೆ, ಇಷ್ಟು ಕಂಡರೆ ಸಾಕು. ಹಿತ್ತಲು ಮಾರಾಟಕ್ಕೆ ಬರುತ್ತದೆ, ಉಮ್ಮನ ಚಿನ್ನ ಪೆಟ್ಟಿಗೆಯಿಂದ ಹೊರಗೆ ಬರುತ್ತದೆ.

ನಾನು ಪೈಲಟ್ ಅಲ್ಲ. ಗಲ್ಫಿನಲ್ಲಿ ವಿಮಾನ ರಿಪೇರಿಯ ಹ್ಯಾಂಗರಿನಲ್ಲಿ 19 ವರ್ಷ ಸ್ಟೋರ್ ನೋಡಿಕೊಂಡವನು. ಒಂದು ಸಣ್ಣ ಬಿಡಿಭಾಗ ಬಾರದೆ ಕೋಟಿಗಟ್ಟಲೆ ಬೆಲೆಯ ವಿಮಾನ ಎಷ್ಟು ದಿನ ಬಿಸಿಲಿನಲ್ಲಿ ನಿಲ್ಲುತ್ತದೆ ಎಂಬುದು ನನಗೆ ಗೊತ್ತು. ಹಾಗಾಗಿ ಈ ವಿಷಯದಲ್ಲಿ ನನ್ನ ಬಾಯಿ ಸುಮ್ಮನಿರುವುದಿಲ್ಲ.

ಮೊದಲು ಲೆಕ್ಕ ತಿಳಿದುಕೊಳ್ಳಿ. ನಮ್ಮ ದೇಶದಲ್ಲಿ ಕಮರ್ಷಿಯಲ್ ಪೈಲಟ್ ಲೈಸೆನ್ಸಿಗೆ 200 ಗಂಟೆ ಹಾರಾಟ ಬೇಕು. ಅದರಲ್ಲಿ ಹೆಚ್ಚಿನ ಪಾಲು ಸೆಸ್ನಾ 172ರಂಥ ಒಂದೇ ಎಂಜಿನ್‌ನ ಸಣ್ಣ ವಿಮಾನದಲ್ಲಿ ಆಗುತ್ತದೆ. ಸಾಮಾನ್ಯವಾಗಿ 185 ಗಂಟೆ ಅದರಲ್ಲಿ, ಕೊನೆಯ 15 ಗಂಟೆ ಎರಡು ಎಂಜಿನ್‌ನ ವಿಮಾನದಲ್ಲಿ. ಪೈಪರ್ ಸೆನೆಕಾ, ಡೈಮಂಡ್ ಡಿಎ 42, ಟೆಕ್ನಾಮ್ ಪಿ2006ಟಿ, ಇವೇ ಆ ವಿಮಾನಗಳು. ಆ ಕೊನೆಯ ಗಂಟೆಗಳಲ್ಲೇ ಮಲ್ಟಿ ಎಂಜಿನ್ ರೇಟಿಂಗ್, ಅದರ ಜೊತೆಗೆ ಇನ್‌ಸ್ಟ್ರುಮೆಂಟ್ ರೇಟಿಂಗ್, ಅಂದರೆ ಹೊರಗೆ ಏನೂ ಕಾಣದಿದ್ದಾಗ ಮುಳ್ಳುಗಳನ್ನೂ ಪರದೆಯನ್ನೂ ನಂಬಿ ಹಾರಿಸುವ ಅರ್ಹತೆ. ಇದಕ್ಕೆ 40 ಗಂಟೆಯ ಇನ್‌ಸ್ಟ್ರುಮೆಂಟ್ ಅಭ್ಯಾಸ ಬೇಕು. ಅದರಲ್ಲಿ 20 ಗಂಟೆಯವರೆಗೆ ಸಿಮ್ಯುಲೇಟರಿನಲ್ಲಿ ಮಾಡಬಹುದು. ಏರ್‌ಲೈನ್‌ನ ವಿಮಾನಕ್ಕೆ ಎರಡು ಎಂಜಿನ್. ಹಾಗಾಗಿ ಈ ಎರಡು ರೇಟಿಂಗ್ ಕೈಯಲ್ಲಿಲ್ಲದ 185 ಗಂಟೆಯವನು ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ, ಹಡಗು ಹತ್ತಲು ಹೋಗಿ ದೋಣಿಯಲ್ಲೇ ಕೂತವನು.

ಆದರೂ ಎಲ್ಲರೂ ಕೇಳುವುದು 200 ಗಂಟೆಯ ಬಗ್ಗೆ. ಕೊನೆಯ 15ರ ಬಗ್ಗೆ ಯಾರೂ ಕೇಳುವುದಿಲ್ಲ. ಶಾಲೆಗಳು ಎಡವುವುದು ಅಲ್ಲೇ. ಸೆಸ್ನಾ ಹತ್ತು ಇರಬಹುದು. ಎರಡು ಎಂಜಿನ್‌ನದ್ದು ಒಂದೇ ಇರುತ್ತದೆ. ಅದು ಕೆಟ್ಟರೆ ಇಡೀ ಶಾಲೆಯ ಹಿರಿಯ ಬ್ಯಾಚು ಸಾಲಿನಲ್ಲಿ ನಿಲ್ಲುತ್ತದೆ.

ನನ್ನ ತಂಗಿಯ ಮಗ ಹಾಗೆ ನಿಂತವನು. ಶಾಲೆಯ ಹೆಸರು ಬೇಡ, ರಾಜ್ಯದ ಹೆಸರೂ ಬೇಡ. 185 ಗಂಟೆ ಚೆನ್ನಾಗಿಯೇ ಮುಗಿಸಿದ. ಆಮೇಲೆ ಎಂಟು ತಿಂಗಳು ಹಾಸ್ಟೆಲಿನಲ್ಲಿ ಮಲಗಿದ. ಮನೆಗೆ ಫೋನ್ ಮಾಡಿದಾಗಲೆಲ್ಲ "ಮುಂದಿನ ವಾರ ಮಾಮಾ" ಎನ್ನುತ್ತಿದ್ದ. ಕೊನೆಗೆ ನಾನೇ ಹೊರಟೆ. ಹ್ಯಾಂಗರಿನ ಮೂಲೆಯಲ್ಲಿ ಆ ವಿಮಾನ ಇತ್ತು. ಎಡಗಡೆ ಪ್ರೊಪೆಲ್ಲರ್ ಇಲ್ಲ, ಎಂಜಿನ್ ಇದ್ದ ಜಾಗಕ್ಕೆ ಟಾರ್ಪಾಲು ಕಟ್ಟಿದ್ದರು. ಟಾರ್ಪಾಲಿನ ಮೇಲೆ ಪಾರಿವಾಳದ ಹಿಕ್ಕೆ. ನಾನು ಸ್ಟೋರಿನವನು, ಹಿಕ್ಕೆ ಎಷ್ಟು ಗಟ್ಟಿಯಾಗಿದೆ ನೋಡಿದರೆ ವಿಮಾನ ಎಷ್ಟು ದಿನದಿಂದ ನಿಂತಿದೆ ಎಂದು ಹೇಳಬಲ್ಲೆ. ಮುಂದಿನ ವಾರದ ಮಾತು ಅಲ್ಲಿ ಇರಲೇ ಇಲ್ಲ. ವಿಚಾರಿಸಿದರೆ, ಆ ವಿಮಾನದಲ್ಲಿ ಕಲಿಸಲು ಅರ್ಹತೆ ಇದ್ದ ಒಬ್ಬನೇ ಒಬ್ಬ ಇನ್‌ಸ್ಟ್ರಕ್ಟರ್ ಕೂಡ ಏರ್‌ಲೈನ್ ಕೆಲಸ ಸಿಕ್ಕಿ ಹೋಗಿಯಾಗಿತ್ತು. ವಿಮಾನವೂ ಇಲ್ಲ, ಉಸ್ತಾದನೂ ಇಲ್ಲ. ಫೀಸು ಮಾತ್ರ ಪೂರ್ತಿ ಕಟ್ಟಿ ಆಗಿತ್ತು.

ಇಂಥ ಕಾಯುವಿಕೆಯಲ್ಲಿ ಹಾಳಾಗುವುದು ಸಮಯ ಮಾತ್ರವಲ್ಲ. ಲೈಸೆನ್ಸಿಗೆ ಅರ್ಜಿ ಹಾಕುವಾಗ ಪರೀಕ್ಷಾ ಹಾರಾಟಗಳು ಹಳತಾಗಿರಬಾರದು. ಕೈಯೂ ಅಷ್ಟೇ, ಎಂಟು ತಿಂಗಳು ಹಾರದ ಕೈ ತುಕ್ಕು ಹಿಡಿಯುತ್ತದೆ. ಬೇರೆ ಶಾಲೆಗೆ ಸೇರಿಸಿದಾಗ ಮೊದಲು ತುಕ್ಕು ಬಿಡಿಸುವುದಕ್ಕೇ ಮತ್ತೆ ದುಡ್ಡು ಕೊಟ್ಟೆವು. ಎರಡು ಎಂಜಿನ್ ವಿಮಾನದ ಗಂಟೆಯ ಬೆಲೆ ಸೆಸ್ನಾದ ಬೆಲೆಯಲ್ಲ, ನೆನಪಿರಲಿ.

"ಡಿಜಿಸಿಎ ಅಪ್ರೂವ್ಡ್ ಅಲ್ಲವೋ?" ಎಂದು ಕೇಳುವವರಿಗೆ ಒಂದು ಮಾತು. ಅಪ್ರೂವಲ್ ಎಂದರೆ ಅಂಗಡಿ ತೆರೆಯುವ ಪರವಾನಗಿ, ಒಳಗಿನ ಸಾಮಾನಿನ ಗ್ಯಾರಂಟಿ ಅಲ್ಲ. ಡಿಜಿಸಿಎಯೇ 2025ರಲ್ಲಿ ಹಾರಾಟ ಶಾಲೆಗಳಿಗೆ ಶ್ರೇಣಿ ಕೊಡಲು ಶುರುಮಾಡಿತು. ಮೊದಲ ಪಟ್ಟಿಯಲ್ಲಿ ಮೇಲಿನ ಎರಡು ಶ್ರೇಣಿ, ಎ++ ಮತ್ತು ಎ+, ಒಂದು ಶಾಲೆಗೂ ಸಿಗಲಿಲ್ಲ. ಆ ಪಟ್ಟಿ ಎಲ್ಲರೂ ನೋಡಬಹುದಾದದ್ದು. ಸೆಮಿನಾರಿನಲ್ಲಿ ಅದನ್ನು ಪರದೆಗೆ ಹಾಕಿ ತೋರಿಸಿದವರನ್ನು ನಾನು ಕಂಡಿಲ್ಲ.

"ಹಾಗಾದರೆ ಹೊರದೇಶಕ್ಕೆ ಕಳಿಸುತ್ತೇವೆ" ಎಂಬುದು ಇನ್ನೊಂದು ಧಾಟಿ. ಕಳಿಸಿ, ತಪ್ಪಲ್ಲ. ಅಮೆರಿಕದಲ್ಲೋ ದಕ್ಷಿಣ ಆಫ್ರಿಕದಲ್ಲೋ ಹಾರಾಟ ಬೇಗ ಮುಗಿಯಬಹುದು. ಆದರೆ ಅಮೆರಿಕದಲ್ಲಿ ಇನ್‌ಸ್ಟ್ರುಮೆಂಟ್ ರೇಟಿಂಗನ್ನು ಒಂದೇ ಎಂಜಿನ್‌ನ ವಿಮಾನದಲ್ಲಿ ಮಾಡಿ ಮುಗಿಸಬಹುದು. ಮಲ್ಟಿ ಎಂಜಿನ್ ರೇಟಿಂಗಿಗೆ ಅಲ್ಲಿ ಇಷ್ಟೇ ಗಂಟೆ ಎಂಬ ಕನಿಷ್ಠ ಲೆಕ್ಕವಿಲ್ಲ, ಪರೀಕ್ಷೆ ಪಾಸಾದರೆ ಆಯಿತು. ಅಗ್ಗದ ಪ್ಯಾಕೇಜು ಹುಟ್ಟುವುದು ಇಲ್ಲಿಂದ. ಊರಿಗೆ ಬಂದು ಭಾರತದ ಲೈಸೆನ್ಸಿಗೆ ಬದಲಾಯಿಸುವಾಗ ನ್ಯಾವಿಗೇಷನ್, ಹವಾಮಾನ, ನಿಯಮಾವಳಿ ಎಂದು ಇಲ್ಲಿಯ ಪರೀಕ್ಷೆಗಳು ಕಾದಿರುತ್ತವೆ. ಆಗ ಏಜೆಂಟ್ ಫೋನ್ ಎತ್ತುವುದಿಲ್ಲ. ದುಡ್ಡು ಕಟ್ಟುವ ಮೊದಲೇ, ಇನ್‌ಸ್ಟ್ರುಮೆಂಟ್ ಪರೀಕ್ಷೆ ಯಾವ ವಿಮಾನದಲ್ಲಿ ಎಂದು ಬರಹದಲ್ಲಿ ತೆಗೆದುಕೊಳ್ಳಿ.

ಇನ್ನು ನನಗೆ ಎಲ್ಲಕ್ಕಿಂತ ಹೆಚ್ಚು ಹೊಟ್ಟೆ ಉರಿಯುವ ಮಾತು: "ಸರ್ಟಿಫಿಕೇಟ್ ಆದರೆ ಸಾಕು ಇಚ್ಚಾ, ಉಳಿದದ್ದು ಏರ್‌ಲೈನಿನವರು ಕಲಿಸುತ್ತಾರೆ." ಇದನ್ನು ಹೇಳಿದವರು ಬೇರೆ ಯಾರೂ ಅಲ್ಲ, ನಮ್ಮವರೇ, ಓದಿದವರೇ. 2011ರಲ್ಲಿ ನಕಲಿ ಅಂಕಪಟ್ಟಿ ಕೊಟ್ಟು ಲೈಸೆನ್ಸ್ ಪಡೆದ ಪೈಲಟ್‌ಗಳನ್ನು ಪೊಲೀಸರು ಬಂಧಿಸಿದ್ದು ಇವರಿಗೆ ಮರೆತುಹೋಯಿತೇ? ಅವರಿಗೂ ಯಾರೋ "ಸರ್ಟಿಫಿಕೇಟ್ ಆದರೆ ಸಾಕು" ಎಂದು ಹೇಳಿಯೇ ಇರಬೇಕು.

ಎರಡು ಎಂಜಿನ್ ವಿಮಾನದಲ್ಲಿ ಒಂದು ಎಂಜಿನ್ ನಿಂತರೆ ಅರ್ಧ ಶಕ್ತಿ ಹೋಗುತ್ತದೆ ಅಷ್ಟೇ ಎಂದು ನಾನೂ ಅಂದುಕೊಂಡಿದ್ದೆ. ಅಳಿಯ ತಿದ್ದಿದ: ಶಕ್ತಿ ಅರ್ಧ ಹೋಗುತ್ತದೆ, ಆದರೆ ಮೇಲೇರುವ ಸಾಮರ್ಥ್ಯದಲ್ಲಿ ಹತ್ತರಲ್ಲಿ ಎಂಟು ಪಾಲು ಹೋಗುತ್ತದೆ. ಜೊತೆಗೆ ವಿಮಾನ ಸತ್ತ ಎಂಜಿನ್‌ನ ಕಡೆಗೆ ತಿರುಗುತ್ತದೆ. ಅದನ್ನು ಕಾಲಿನಿಂದ ರಡ್ಡರ್ ಒತ್ತಿ ಹಿಡಿಯಬೇಕು. ಯಾವ ಕಾಲಿಗೆ ಕೆಲಸವಿಲ್ಲವೋ ಆ ಕಡೆಯ ಎಂಜಿನ್ ಸತ್ತಿದೆ ಎಂದು ಗುರುತಿಸುವ ಪಾಠ ಇದೆಯಂತೆ. ವೇಗದ ಮಾಪಕದಲ್ಲಿ ಒಂದು ಕೆಂಪು ಗೆರೆ ಇರುತ್ತದೆ; ವೇಗ ಅದಕ್ಕಿಂತ ಕೆಳಗೆ ಇಳಿದರೆ ರಡ್ಡರ್ ಪೂರ್ತಿ ಒತ್ತಿದರೂ ವಿಮಾನ ನೆಟ್ಟಗೆ ನಿಲ್ಲುವುದಿಲ್ಲ, ಮಗುಚುತ್ತದೆ. ತಪ್ಪು ಎಂಜಿನನ್ನು ಆರಿಸಿ ಬಿದ್ದ ವಿಮಾನಗಳೂ ಉಂಟು. ಇದನ್ನು ಮೋಡದೊಳಗೆ, ಹೊರಗೆ ಬಿಳಿ ಬಿಟ್ಟರೆ ಏನೂ ಕಾಣದಾಗ ಮಾಡಬೇಕು. ಹದಿನೈದು ಗಂಟೆಯಲ್ಲಿ ಕಲಿಯುವುದು ಇದನ್ನು. ಆ ಹದಿನೈದರಲ್ಲಿ ನಾಲ್ಕು ಗಂಟೆ ರನ್‌ವೇ ಪಕ್ಕ ಎಂಜಿನ್ ಓಡಿಸಿ ಪುಸ್ತಕದಲ್ಲಿ ಬರೆದುಕೊಂಡರೆ ಮೋಸ ಯಾರಿಗೆ?

ತಲಪಾಡಿಯಿಂದ ಈಚೆಗಿನ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2010ರ ಮೇ 22, ಶನಿವಾರ ಬೆಳಿಗ್ಗೆ. ದುಬೈಯಿಂದ ಬಂದ ವಿಮಾನ ಬಜಪೆಯ ಗುಡ್ಡದಿಂದ ಕೆಳಗೆ ಹೋಯಿತು. 158 ಜನ ತೀರಿಕೊಂಡರು, 8 ಜನ ಉಳಿದರು. ಕಾಸರಗೋಡಿನ ಎಷ್ಟು ಮನೆಗಳಲ್ಲಿ ಅಂದು ಮಯ್ಯತ್ ಬಂತು ಎಂದು ನಿಮಗೇ ಗೊತ್ತು. ಎಂಜಿನ್ ಕೆಟ್ಟಿರಲಿಲ್ಲ. ತನಿಖಾ ವರದಿ ಹೇಳಿದ್ದು, ವಿಮಾನ ಸರಿಯಾದ ಎತ್ತರ ಮತ್ತು ವೇಗದಲ್ಲಿ ಇಳಿಯುತ್ತಿರಲಿಲ್ಲ, ಸಹಪೈಲಟ್ ಮೂರು ಸಲ ಇಳಿಯುವುದು ಬೇಡ, ಮತ್ತೆ ಮೇಲೇರೋಣ ಎಂದು ಹೇಳಿದರೂ ಕ್ಯಾಪ್ಟನ್ ಬಿಡಲಿಲ್ಲ ಎಂದು. ಅಳತೆ ತಪ್ಪಿದರೆ ಇಳಿಯಬೇಡ, ಮೇಲಕ್ಕೆ ಹೋಗು ಎಂಬ ಶಿಸ್ತನ್ನು ಕೈಗೆ ಹತ್ತಿಸುವುದು ಇನ್‌ಸ್ಟ್ರುಮೆಂಟ್ ತರಬೇತಿಯಲ್ಲಿ. ಆ ಬೆಳಿಗ್ಗೆಯನ್ನು ಕಂಡ ಊರಿನವರೇ "ಸರ್ಟಿಫಿಕೇಟ್ ಸಾಕು" ಎಂದರೆ ನಾನು ಏನು ಹೇಳಲಿ.

ಆದ್ದರಿಂದ ಹೋಗಿ ನೋಡಿ. ಭಾನುವಾರ ಅಲ್ಲ, ಕೆಲಸದ ದಿನ ಬೆಳಿಗ್ಗೆ. ಆಫೀಸಿನ ಸೋಫಾದಲ್ಲಿ ಕೂರಬೇಡಿ, ಹ್ಯಾಂಗರ್ ತೋರಿಸಿ ಎನ್ನಿ. ಎರಡು ಎಂಜಿನ್ ವಿಮಾನ ಕಳೆದ ತಿಂಗಳು ಎಷ್ಟು ಗಂಟೆ ಹಾರಿತು, ಅದಕ್ಕಾಗಿ ಈಗ ಎಷ್ಟು ಮಕ್ಕಳು ಕಾಯುತ್ತಿದ್ದಾರೆ, ಅದರಲ್ಲಿ ಕಲಿಸುವವರು ಎಷ್ಟು ಮಂದಿ ಎಂದು ಕೇಳಿ. ಸಿಮ್ಯುಲೇಟರಿನ ಅನುಮತಿ ಚಾಲ್ತಿಯಲ್ಲಿದೆಯೇ ನೋಡಿ. ಶಾಲೆಯ ರನ್‌ವೇಗೆ ಐಎಲ್‌ಎಸ್ ಇಲ್ಲದಿದ್ದರೆ ಆ ಅಭ್ಯಾಸಕ್ಕೆ ಬೇರೆ ವಿಮಾನ ನಿಲ್ದಾಣಕ್ಕೆ ಹಾರಬೇಕು, ಆ ದಾರಿಯ ಗಂಟೆಯೂ ನಿಮ್ಮ ಲೆಕ್ಕಕ್ಕೇ ಬರುತ್ತದೆ. ಉತ್ತರದ ಬಯಲಿನಲ್ಲಿ ಡಿಸೆಂಬರ್, ಜನವರಿಯ ಮಂಜು ಹಾರಾಟದ ದಿನಗಳನ್ನು ತಿನ್ನುತ್ತದೆ, ನಮ್ಮ ಕರಾವಳಿಯ ಕಡೆ ಮಳೆಗಾಲ ತಿನ್ನುತ್ತದೆ. ಎಲ್ಲಕ್ಕಿಂತ ಒಳ್ಳೆಯ ಮಾಹಿತಿ ಸಿಗುವುದು ಗೇಟಿನ ಹೊರಗಿನ ಚಹಾ ಅಂಗಡಿಯಲ್ಲಿ, ಕೊನೆಯ ಬ್ಯಾಚಿನ ಮಕ್ಕಳಿಂದ. ಅವರಿಗೆ ಚಹಾ ಕೊಡಿಸಿ, ಸುಮ್ಮನೆ ಕೂತು ಕೇಳಿ. ಮಲ್ಟಿ ಎಂಜಿನ್‌ನ ದುಡ್ಡನ್ನು ಮಾತ್ರ ಮೊದಲೇ ಕಟ್ಟಬೇಡಿ, ವಿಮಾನ ಸಿದ್ಧವಾದ ದಿನ ಕೊಡುತ್ತೇವೆ ಎನ್ನಿ. ಒಪ್ಪದ ಶಾಲೆಗೆ ಸಲಾಂ ಹೇಳಿ ಬನ್ನಿ. ಕ್ಲಾಸ್ 1 ಮೆಡಿಕಲ್ ಆಗುವ ಮೊದಲು ಯಾರಿಗೂ ಒಂದು ರೂಪಾಯಿಯೂ ಬೇಡ.

ಇನ್ನೊಂದು ವಿಷಯ ಯಾವ ಪುಸ್ತಿಕೆಯಲ್ಲೂ ಇರುವುದಿಲ್ಲ. ಇನ್‌ಸ್ಟ್ರುಮೆಂಟ್ ರೇಟಿಂಗ್ 12 ತಿಂಗಳಿಗೆ ಮುಗಿಯುತ್ತದೆ. ಕೆಲಸ ಸಿಗದೆ ಮನೆಯಲ್ಲಿ ಕೂತರೆ ವರ್ಷಕ್ಕೊಮ್ಮೆ ದುಡ್ಡು ಕೊಟ್ಟು ಹಾರಿ ನವೀಕರಿಸಬೇಕು. ಅದಕ್ಕೂ, ಆಮೇಲೆ ಬರುವ ಎ320 ಅಥವಾ ಬೋಯಿಂಗ್ 737ರ ಟೈಪ್ ರೇಟಿಂಗಿಗೂ ಕೈಯಲ್ಲಿ ಹಣ ಉಳಿಸಿಕೊಳ್ಳದೆ ಹಿತ್ತಲನ್ನೆಲ್ಲ ಮೊದಲ ದಿನವೇ ಮಾರಬೇಡಿ.

ಹೋದ ವಾರ ಕುಂಬಳೆಯಿಂದ ಒಂದು ಕುಟುಂಬ ನನ್ನ ಮನೆಗೆ ಬಂತು. ಉಪ್ಪ, ಉಮ್ಮ, ಪ್ಲಸ್ ಟು ಮುಗಿಸಿದ ಮಗಳು. ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗಿ, ಫಿಸಿಕ್ಸ್‌ನಲ್ಲಿ ಒಳ್ಳೆಯ ಅಂಕ. ಹುಡುಗಿಯನ್ನು ಯಾಕೆ ಎಂದು ಅವಳ ದೊಡ್ಡಪ್ಪ ಜಗಳ ಮಾಡಿದ್ದಾರಂತೆ. ಅದು ಇನ್ನೊಂದು ಬರಹಕ್ಕೆ ಇರಲಿ. ಉಪ್ಪನ ಜೇಬಿನಲ್ಲಿ ಚೆಕ್ ಬರೆದು ಇಟ್ಟಿತ್ತು. ನನ್ನ ಎದುರೇ ಸ್ಪೀಕರ್ ಹಾಕಿ ಶಾಲೆಗೆ ಫೋನ್ ಮಾಡಿದರು. ಅವರು ತಡವರಿಸುವುದು ಕಂಡು ಹುಡುಗಿಯೇ ಫೋನ್ ತೆಗೆದುಕೊಂಡು ಕೇಳಿದಳು: "ಸಾರ್, ನಿಮ್ಮ ಮಲ್ಟಿ ಎಂಜಿನ್ ಇವತ್ತು ಹಾರಿತಾ?" ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಮ್ಯಾಡಂ, ಅದು ಸದ್ಯ ಮೆಂಟೆನೆನ್ಸ್‌ನಲ್ಲಿದೆ, ನೀವು ಮೊದಲು ಅಡ್ಮಿಷನ್ ಮಾಡಿಕೊಳ್ಳಿ."

ಉಪ್ಪ ಚೆಕ್ಕನ್ನು ಜೇಬಿನಿಂದ ತೆಗೆದು ಎರಡಾಗಿ ಮಡಚಿ ಹುಡುಗಿಯ ಕೈಗೆ ಕೊಟ್ಟರು.