ಸೋಸುವ ಬಟ್ಟೆಯೊಂದೇ ಸಾಲದು

ವಿದ್ಯಾರ್ಥಿಗಳು ದೋಣಿಯೇರಿ, ಕೆರೆಯ ನಡುವಿನ ನೀರನ್ನು ಶೀಶೆಗಳಲ್ಲಿ ಸಂಗ್ರಹಿಸಿ ಪರೀಕ್ಷಿಸುವುದು ಜಲಕಾಯಿಕ ಜೀವಗಳ ಹಿಂಸೆಯೆಂದು ಆಕ್ಷೇಪಿಸುವ ಧರ್ಮಬಂಧುಗಳಿದ್ದಾರೆ. ವರಂಗದ ಕೆರೆಬಸದಿಗೆ ನಾವು ದೋಣಿಯಲ್ಲಿಯೇ ಸಾಗುವುದಿಲ್ಲವೇ? ದರ್ಶನಕ್ಕೆ ಸಲ್ಲುವ ದೋಣಿ ಜೀವರಕ್ಷಣೆಗೆ ಸಲ್ಲದೇ?

ನೀರನ್ನು ಸೋಸಿ, ಬಟ್ಟೆಯಲ್ಲುಳಿದ ಜೀವಗಳನ್ನು ಅದೇ ಜಲಾಶಯಕ್ಕೆ ಮರಳಿ ಬಿಡುವುದು ಶ್ರಾವಕಾಚಾರ. ಆ ಜಲಾಶಯವೇ ವಿಷವಾಗಿದ್ದರೆ? ಕರಗಿದ ಆಮ್ಲಜನಕವು ಲೀಟರಿಗೆ 2 ಮಿಲಿಗ್ರಾಂಗಿಂತ ಕೆಳಗಿಳಿದರೆ ಬಹುತೇಕ ಮೀನುಗಳು ಬದುಕಲಾರವು. ಇದನ್ನು ಬಟ್ಟೆ ತಿಳಿಸದು, ಪರೀಕ್ಷೆ ತಿಳಿಸುತ್ತದೆ. ಕೊಳಚೆ ತುಂಬಿದ ಬೆಂಗಳೂರಿನ ಬೆಳ್ಳಂದೂರು ಕೆರೆಯಲ್ಲಿ 2017ರಲ್ಲಿ ಬೆಂಕಿಯೇ ಎದ್ದಿತು. ಅಲ್ಲಿ ಬೆಂದ ಜೀವಗಳಿಗಾಗಿ ಪ್ರಾಯಶ್ಚಿತ್ತ ಕೈಗೊಂಡವರಾರು?

ಪ್ರಮಾದವೇ ಹಿಂಸೆಯ ಮೂಲವೆಂದು ಆಚಾರ್ಯರು ಸಾರಿದ್ದಾರೆ. ಶೀಶೆಯ ನೀರಿಗೆ ಮರುಗಿ ಚರಂಡಿಯ ಕುರಿತು ಮೌನ ತಾಳುವುದು ಅಂತಹ ಪ್ರಮಾದವೇ. ಬಸದಿಗಳ ಟ್ರಸ್ಟುಗಳು ತಮ್ಮ ಕೆರೆ, ಪುಷ್ಕರಣಿಗಳನ್ನು ಈ ಮಕ್ಕಳ ಪರೀಕ್ಷೆಗೆ ಮೊದಲು ತೆರೆಯಲಿ.