ಹಳಬರನ್ನ ಸೋಲಿಸಿದ್ವಿ, ಹಳಬರನ್ನ ಆರಿಸಿದ್ವಿ (ಭಾಗ 3)

"ಎಲ್ಲಾರೂ ಕಳ್ಳರ, ಆದ್ರೂ ನಮ್ಮಂವ ಬರ್ಲಿ." ಈ ಮಾತು ಬನಹಟ್ಟಿ ಚಾದಂಗಡ್ಯಾಗ ನೀವೂ ಕೇಳಿರ್ತೀರಿ. ನಾನೂ ಆಡೀನಿ, ಸುಳ್ಳ್ಯಾಕ?

ಬೀಳಗಿ ನೋಡ್ರಿ. 2008ರಲ್ಲಿ ಮುರುಗೇಶ ನಿರಾಣಿ, 2013ರಲ್ಲಿ ಜೆ.ಟಿ. ಪಾಟೀಲ, 2018ರಲ್ಲಿ ಮತ್ತ ನಿರಾಣಿ, 2023ರಲ್ಲಿ ಮತ್ತ ಪಾಟೀಲ. ಪ್ರತಿ ಸಲ ಬದಲಾವಣೆ ಅಂತ ಪಟಾಕಿ ಹೊಡೆದ್ವಿ. ಬದಲಾಗಿದ್ದು ಪಾಳಿ ಅಷ್ಟ. ಮುಧೋಳದಾಗ 2004ರಿಂದ ಸತತ ನಾಲ್ಕು ಸಲ ಗೆದ್ದಿದ್ದ ಗೋವಿಂದ ಕಾರಜೋಳ 2023ರಲ್ಲಿ ಸೋತರು. ಮರುವರ್ಷ ಚಿತ್ರದುರ್ಗದಿಂದ ಸಂಸದರಾದರು. ಇವರ್ಯಾರ ಮ್ಯಾಲೂ ನಾ ಆರೋಪ ಹೊರಸ್ತಿಲ್ಲ. ನನ್ನ ತಕರಾರು ನಮ್ಮ ಮ್ಯಾಲ: ಹೊಸಬರಿಗೆ ಟಿಕೆಟ್ ಕೊಡ್ರಿ ಅಂತ ಯಾವ ಪಕ್ಷದ ಮುಂದೂ ನಾವು ಹೋಗಿ ನಿಂತಿಲ್ಲ.

ಹೊಸಬ ಗೆಲ್ಲಂಗಿಲ್ಲ ಅಂತೀರಾ? 1991ರ ಲೋಕಸಭಾ ಚುನಾವಣ್ಯಾಗ ಬಾಗಲಕೋಟೆಯಲ್ಲಿ ಮಾಜಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರನ್ನ ಸೋಲಿಸಿದ್ದು ನಮ್ಮ ಜಮಖಂಡಿಯ ಸಿದ್ದು ನ್ಯಾಮಗೌಡ. ರೈತರನ್ನ ಕೂಡಿಸಿ ಚಿಕ್ಕಪಡಸಲಗಿಯಲ್ಲಿ ಕೃಷ್ಣಾ ಹೊಳಿಗೆ ಬ್ಯಾರೇಜ್ ಕಟ್ಟಿದವರು. ಮೊದಲು ಕೆಲಸ, ಆಮ್ಯಾಲೆ ಓಟು. (ಅವರು ತೀರಿಕೊಂಡ ಮ್ಯಾಲ 2018ರ ಉಪಚುನಾವಣ್ಯಾಗ ಟಿಕೆಟ್ ಹೋಗಿದ್ದು ಮಗನಿಗೇ. ಅದೂ ನೆನಪಿರ್ಲಿ.)

ದೋಸ್ತರ, ಒಂದು ಕೆಲಸ ಮಾಡ್ರಿ. ಪ್ರತಿ ಅಭ್ಯರ್ಥಿಯ ಆಸ್ತಿ, ಸಾಲ, ಕೇಸಿನ ಅಫಿಡವಿಟ್ ಚುನಾವಣಾ ಆಯೋಗದ ಜಾಲತಾಣದಾಗ ಫ್ರೀ ಸಿಗ್ತದ. ನಿಮ್ಮ ಶಾಸಕರ ಹಿಂದಿನದ್ದು, ಈಗಿನದ್ದು ಬಾಜೂಕ ಇಟ್ಟು ಓದ್ರಿ. ಎಷ್ಟು ಬೆಳೀತು, ಕಮೆಂಟ್‌ನ್ಯಾಗ ಹಾಕ್ರಿ. ರಬಕವಿ-ಬನಹಟ್ಟಿ ಮಂದಿ ಪರವಾಗಿ ತೇರದಾಳದ್ದು ಮುಂದಿನ ಭಾಗದಾಗ ನಾ ಹಾಕ್ತೀನಿ.